ಬಂಡೆಯ ಹಟ

ಕೊಪ್ಪದ ನಮ್ಮ ಮನೆಯಂಗಳದ ಮೂಲೆಯಲ್ಲಿ ಬಿದ್ದಿದ್ದ ಬಂಡೆಯನ್ನು ಗೇಟಿನ ಪಕ್ಕಕ್ಕೆ ತಂದು ಸುತ್ತ ನಾಲ್ಕು ಕ್ರೋಟನ್ ನೆಟ್ಟರೆ ರೆಸಾರ್ಟಿನ ಕಳೆ ಬರುತ್ತದೆ ಎಂದವನು ನಾನೇ. ಕಗ್ಗಲ್ಲು ಘನ ಮೀಟರಿಗೆ ಸುಮಾರು 2.7 ಟನ್ ತೂಗುತ್ತದೆಂಬುದು ಆಗ ನೆನಪಾಗಲಿಲ್ಲ.

ನರಸಿಂಹರಾಜಪುರದ ನೆಂಟರ ಟ್ರ್ಯಾಕ್ಟರ್ ಬಂತು. ಸರಪಳಿ ಬಿಗಿದು ಎಳೆದದ್ದೇ ತಡ, ಬಂಡೆ ಕೂತಲ್ಲೇ ಕೂತಿತು. ಟ್ರ್ಯಾಕ್ಟರ್ ಮಾತ್ರ ಮೊಂಡು ಕುದುರೆಯಂತೆ ಮುಂಗಾಲೆತ್ತಿತು. ಹಿಂದಿನ ಚಕ್ರಗಳು ಗಿರಗಿರ ತಿರುಗಿ ಅಂಗಳದಲ್ಲಿ ಅಡಿಕೆ ಸಸಿ ನೆಡುವಷ್ಟು ಆಳದ ಎರಡು ಗುಂಡಿ ತೋಡಿದವು.

"ಮುಂದ್ಗಡೆ ಭಾರ ಸಾಲ್ದು ಮಾರಾಯ್ರೇ" ಎಂದ ಡ್ರೈವರು ನನ್ನ ಹೊಟ್ಟೆಯನ್ನೇ ನೋಡಿದ. ಅದಕ್ಕೆ ಸಿಕ್ಕ ಮೊದಲ ಮರ್ಯಾದೆ ಅದು! ಆದರೂ ಹತ್ತುವ ಧೈರ್ಯ ಬರಲಿಲ್ಲ.

"ಅಲ್ರೀ, ಶೃಂಗೇರಿಯಲ್ಲಿ ಹನ್ನೆರಡು ರಾಶಿಕಂಬ ನಿಲ್ಲಿಸಿದೋರ ಹತ್ರ ಟ್ರ್ಯಾಕ್ಟರ್ ಇತ್ತಾ?" ಎಂದಳು ಹೆಂಡತಿ. ಆ ಕಂಬಗಳಿರುವ ವಿದ್ಯಾಶಂಕರ ದೇವಸ್ಥಾನ 14ನೇ ಶತಮಾನದ್ದು. ಉತ್ತರ ಹೇಳದೆ ಹಾರೆ ಹಿಡಿದೆ.

ಸಂಜೆಗೆ ಬಂಡೆ ಮೂರು ಮಾರು ಸರಿದು, ಬಾವಿಯ ದಾರಿಗೆ ಸರಿಯಾಗಿ ಅಡ್ಡ ಕೂತಿತು. ಈಗ ಅದರ ಮೇಲೆ ಹಲಸಿನ ಹಪ್ಪಳ ಒಣಗುತ್ತದೆ. ನಮ್ಮಲ್ಲಿಗೆ ಬಂದಾಗ ನಾಲ್ಕು ಹಪ್ಪಳ ಒಯ್ಯಿರಿ. ನೀರು ಬೇಕಾದರೆ ಮಾತ್ರ ಬಂಡೆ ಸುತ್ತಿ ಹೋಗಬೇಕು.