ಶಾಮಿಯಾನದ ಉಳಿತಾಯ

ಗದಗ ಸೀಮೆಯವರು ಭಾರೀ ತಕರಾರಿನ ಜನ ಎಂಬುದು ಗಣಿ ಧಣಿಗಳ ಹಳೇ ದೂರು. 2011ರಲ್ಲಿ ಮುಂಡರಗಿ ತಾಲ್ಲೂಕಿನ ಹಳ್ಳಿಗುಡಿಗೆ ಪೋಸ್ಕೊ ಉಕ್ಕಿನ ಕಾರ್ಖಾನೆ ಬರುತ್ತದೆ ಎಂದಾಗ ರೈತರು ಹೊಲ ಬಿಡಲಿಲ್ಲ. ತೋಂಟದ ಸಿದ್ಧಲಿಂಗ ಸ್ವಾಮಿಗಳು ಮುಂದೆ ನಿಂತರು, ಕಂಪನಿ ಗಂಟುಮೂಟೆ ಕಟ್ಟಿತು. ಇದೇ ಸೀಮೆಯ ಕಪ್ಪತಗುಡ್ಡದ ಚಿನ್ನದ ಮೇಲೆ ಕಣ್ಣು ಬಿದ್ದಾಗಲೂ ಅದೇ ಗದ್ದಲ. 2019ರಲ್ಲಿ ಗುಡ್ಡ ವನ್ಯಜೀವಿಧಾಮವೇ ಆಗಿಹೋಯಿತು.

ಪಾಪ, ಧಣಿಗಳು ಎಡವಿದ್ದು ಚಿನ್ನ ಹುಡುಕಿ. ನಿಯೋಡಿಮಿಯಂ ಹುಡುಕಬೇಕಿತ್ತು. ನಿಯೋಡಿಮಿಯಂನಂಥ ವಿರಳ ಭೂಲೋಹಗಳೂ ಸೇರಿದಂತೆ ನಿರ್ಣಾಯಕ ಖನಿಜಗಳ ಗಣಿಗೆ ಸಾರ್ವಜನಿಕ ಅಹವಾಲು ಸಭೆ ಬೇಕಿಲ್ಲ ಎಂದು ಕೇಂದ್ರ ಪರಿಸರ ಸಚಿವಾಲಯ 2025ರ ಸೆಪ್ಟೆಂಬರ್‌ನಲ್ಲಿ ಅಪ್ಪಣೆ ಕೊಡಿಸಿದೆ. ವರದಿ ಬರೆಯಬೇಕು, ದಿಲ್ಲಿಯ ತಜ್ಞರು ಅದನ್ನು ಓದಬೇಕು. ಊರವರು ಮಾತ್ರ ಬಾಯಿ ನೋಯಿಸಿಕೊಳ್ಳಬೇಕಾಗಿಲ್ಲ. ಅದೇ ವರ್ಷದ ಏಪ್ರಿಲ್‌ನಲ್ಲಿ ಚೀನಾ ಏಳು ವಿರಳ ಭೂಲೋಹಗಳ ರಫ್ತಿಗೆ ಲಗಾಮು ಹಾಕಿದಾಗ ನಮ್ಮ ವಾಹನ ಕಂಪನಿಗಳು ಬೆವತಿದ್ದವಲ್ಲ, ಆ ಬೆವರು ಒರೆಸುವ ಆತುರವಿದು.

"ಕೇಳಾಕ ಬಂದ್ರ ಬ್ಯಾಡ ಅನ್ನಬೌದು. ಕೇಳಾಕ ಬರದ ಇದ್ರ ಯಾರಿಗೆ ಬ್ಯಾಡ ಅನ್ನೂದಪಾ?" ಎಂದು ಯಾವನಾದರೂ ಅಜ್ಜ ಕೇಳಿಯಾನು. ಅವನ ಪರವಾಗಿ ಸರ್ಕಾರಕ್ಕೆ ನನ್ನದೊಂದು ಸಲಹೆ: ಜನ ಬೇಡವಾದರೆ ಬಾತುಗಳ ಸಭೆ ಕರೆಯಿರಿ. ಅವು ಸಾರ್ವಜನಿಕರಲ್ಲ, ಆದೇಶ ಅಡ್ಡ ಬರುವುದಿಲ್ಲ.

ಗದಗ ಸೀಮೆಯದೇ ಆದ ಮಾಗಡಿ ಕೆರೆಗೆ ಚಳಿಗಾಲದಲ್ಲಿ ಬಂದಿಳಿಯುವ ಪಟ್ಟೆತಲೆ ಹೆಬ್ಬಾತುಗಳು ಮಂಗೋಲಿಯಾ, ಟಿಬೆಟ್ ಕಡೆಯವು. ಹಿಮಾಲಯ ದಾಟಿ ಬಂದು, ಕೆರೆಯಲ್ಲಿ ತೇಲಿ, ಶೇಂಗಾ ಹೊಲಕ್ಕೆ ನುಗ್ಗಿ, ಕಾಳಿನ ಜೊತೆ ರೈತನ ಬೈಗುಳವನ್ನೂ ತಿಂದು ಹೋಗುತ್ತವೆ. 2024ರಲ್ಲಿ ಈ ಕೆರೆಗೆ ಅಂತರರಾಷ್ಟ್ರೀಯ ಮಹತ್ವದ ಜೌಗುಭೂಮಿ ಎಂಬ ರಾಮ್ಸಾರ್ ಪಟ್ಟ ಸಿಕ್ಕಿತು. ಅವುಗಳ ತವರಿನ ಪಕ್ಕದಲ್ಲೇ, ಒಳ ಮಂಗೋಲಿಯಾದ ಬಾವೊಟೌನಲ್ಲಿ, ಇನ್ನೊಂದು ಕೆರೆಯಿದೆ. ಐವತ್ತು ಚಿಲ್ಲರೆ ಹೆಕ್ಟೇರಿನ ನಮ್ಮ ಕೆರೆಯಂಥವು ಹದಿನೆಂಟಿಪ್ಪತ್ತು ಅದರೊಳಗೆ ಹಿಡಿಸುತ್ತವೆ. ತುಂಬಿರುವುದು ಮಾತ್ರ ವಿರಳ ಭೂಲೋಹಗಳ ಅದಿರು ತೊಳೆದ ರಾಡಿ, ರಾಸಾಯನಿಕ, ವಿಕಿರಣ ಸೂಸುವ ಥೋರಿಯಂ. ಅಂತರ್ಜಲ ಕೆಟ್ಟು, ಸುತ್ತಲಿನ ರೈತರು ಬೇಸಾಯ ಬಿಟ್ಟರು, ಆಮೇಲೆ ಊರನ್ನೂ ಬಿಟ್ಟರು.

ಚೀನಾದ ಲೋಹ ಅಷ್ಟು ಸೋವಿಯಾದ ಗುಟ್ಟು ಇಷ್ಟೇ: ಆ ಕೆರೆಯ ಖರ್ಚನ್ನು ಬಿಲ್ಲಿನಲ್ಲಿ ಬರೆದಿರಲಿಲ್ಲ. ಆ ದರಕ್ಕೆ ಪೈಪೋಟಿ ಕೊಡಲಾಗದೆ, ತನ್ನ ಕೊಳಚೆ ನೀರಿನ ಸೋರಿಕೆಗೂ ಉತ್ತರ ಹೇಳಬೇಕಾಗಿ ಬಂದು, ಅಮೆರಿಕದ ಮೌಂಟನ್ ಪಾಸ್ ಗಣಿ 2002ರಲ್ಲಿ ನಿಂತುಹೋಯಿತು. ಈಗ ನಾವೂ ಆ ಸೋವಿ ಲೆಕ್ಕವನ್ನೇ ಬಾಯಿಪಾಠ ಮಾಡುತ್ತಿದ್ದೇವೆ.

ಬ್ಯಾಟರಿ ಗಾಡಿಯ ಮೋಟರಿಗೆ ಈ ಲೋಹಗಳ ಆಯಸ್ಕಾಂತ ಬೇಕು, ಒಪ್ಪಿದೆ. 2025ರಲ್ಲಿ ನಿರ್ಣಾಯಕ ಖನಿಜಗಳ ಮಿಷನ್‌ಗೆ 16,300 ಕೋಟಿ, ಆಯಸ್ಕಾಂತ ತಯಾರಿಕೆಗೆಂದೇ 7,280 ಕೋಟಿ ರೂಪಾಯಿ ತೆಗೆದಿಟ್ಟಿದ್ದಾರೆ. ಊರ ಮುಂದೆ ಒಂದು ಅಹವಾಲು ಸಭೆಗೆ ತಗಲುವುದು ಶಾಮಿಯಾನ, ನಾಲ್ಕು ನೂರು ಕುರ್ಚಿ, ಒಂದು ಮೈಕು, ಚಹಾ, ಮಂಡಕ್ಕಿ-ಮಿರ್ಚಿ. ಇಷ್ಟು ಸಾವಿರ ಕೋಟಿಗಳ ನಡುವೆ ಸರ್ಕಾರ ಉಳಿತಾಯ ಮಾಡಿದ್ದು ಇದೊಂದರಲ್ಲೇ.