ಚೇಳಿಗೆ ವಿಷ ಏರಿಸುವ ಕ್ರಮ

ಅಭಿನಂದನೆಗಳು. ತಾವು ಸೆಕೆಂಡ್ ಹ್ಯಾಂಡ್‌ನಲ್ಲಿ ಫಿಯೆಟ್ ಅಬಾರ್ತ್ ಪುಂಟೋ ಕೊಂಡಿದ್ದೀರಿ. 1.4 ಲೀಟರಿನ ಟಿ-ಜೆಟ್ ಟರ್ಬೋ ಪೆಟ್ರೋಲ್ ಎಂಜಿನ್, 145 ಹಾರ್ಸ್‌ಪವರ್, ಐದು ಗೇರಿನ ಮ್ಯಾನುಯಲ್ ಬಾಕ್ಸ್, ನಾಲ್ಕೂ ಚಕ್ರಕ್ಕೆ ಡಿಸ್ಕ್ ಬ್ರೇಕ್, ಮೂತಿಯ ಮೇಲೊಂದು ಚೇಳು. ಐದು ಬಾಗಿಲಿನ ಹ್ಯಾಚ್‌ಬ್ಯಾಕ್ ಅದು ಹೇಗೆ ಸ್ಪೋರ್ಟ್ಸ್ ಕಾರಾದೀತು ಎಂಬ ತಕರಾರು ಪೋರ್ಶೆ ಇಟ್ಟುಕೊಂಡವರದು; ಅವರ ಮಾತು ಬಿಡಿ. 2015ರಲ್ಲಿ ಬಂದ ಈ ಕಾರು, ಬಿಎಸ್-6 ಮಾಲಿನ್ಯ ನಿಯಮ ಜಾರಿಯಾಗುವಷ್ಟರಲ್ಲಿ ಉಳಿದ ಫಿಯೆಟ್‌ಗಳ ಜೊತೆ ನಮ್ಮ ಶೋರೂಮುಗಳಿಂದ ಜಾಗ ಖಾಲಿ ಮಾಡಿತು. ಅಪರೂಪದ ವಸ್ತುವನ್ನು ಇದ್ದ ಹಾಗೇ ಇರಲು ಬಿಡುವುದು ನಮ್ಮ ಜಾಯಮಾನವಲ್ಲ. ಆದ್ದರಿಂದ ಈ ಕೈಪಿಡಿ. ಸ್ಪ್ಯಾನರ್ ಹಿಡಿಯುವ ಮೊದಲೇ ಓದಿ ಮುಗಿಸಿ. ಹಿಡಿದ ಮೇಲೆ ಯಾರೂ ಓದಿದ್ದಿಲ್ಲ.

ಮೊದಲು ಸದ್ದು

ಎಲ್ಲರೂ ಶುರುಮಾಡುವುದು ಇಲ್ಲಿಂದಲೇ, ಏಕೆಂದರೆ ಇದು ಅಕ್ಕಪಕ್ಕದವರಿಗೂ ಕೇಳಿಸುತ್ತದೆ. ಕಂಪನಿಯವರು ಏರ್ ಫಿಲ್ಟರನ್ನು ಡಬ್ಬದೊಳಗಿಟ್ಟು, ಹೊರಗಿನ ತಣ್ಣನೆಯ ಗಾಳಿ ಬರಲೆಂದು ಕೊಳವೆ ಜೋಡಿಸಿರುತ್ತಾರೆ. ಅದನ್ನು ಕಿತ್ತು ಅಟ್ಟಕ್ಕೆ ಹಾಕಿ. ಆ ಜಾಗದಲ್ಲಿ ಬರಿಮೈ ಪಾಡ್ ಫಿಲ್ಟರ್ ಕೂರಿಸಿ. ಇನ್ನು ಮುಂದೆ ಬೆಂಗಳೂರಿನ ಸಿಲ್ಕ್ ಬೋರ್ಡ್ ಜಂಕ್ಷನ್ನಿನಲ್ಲಿ ನಿಂತಾಗ ಎಂಜಿನ್ ಬಾನೆಟ್ಟಿನೊಳಗಿನ ತನ್ನದೇ ಬಿಸಿಯನ್ನು ತಾನೇ ಉಸಿರಾಡುತ್ತದೆ. ಬಿಸಿ ಗಾಳಿಯಲ್ಲಿ ಆಮ್ಲಜನಕ ಕಡಿಮೆ. ಎಂಜಿನ್ನಿಗೆ ಅಪಾಯವಾಗದಿರಲೆಂದು ಅದನ್ನು ನಿಯಂತ್ರಿಸುವ ಕಂಪ್ಯೂಟರ್, ಅಂದರೆ ಇಸಿಯು, ಕಿಡಿ ಹಾರುವ ಸಮಯವನ್ನೇ ಹಿಂದಕ್ಕೆ ತಳ್ಳುತ್ತದೆ. ಪಿಕಪ್ ಇಳಿದಿರುತ್ತದೆ, ಆದರೆ ಸದ್ದು ಏರಿರುವುದರಿಂದ ಪಿಕಪ್ಪೂ ಏರಿದಂತೆಯೇ ಅನ್ನಿಸುತ್ತದೆ. ತಾವು ದುಡ್ಡು ಕೊಟ್ಟದ್ದೂ ಅಷ್ಟಕ್ಕೇ.

ಸೈಲೆನ್ಸರ್ ಬದಲಿಸುವಾಗ ಅಪರಾಧಿ ಭಾವ ಬೇಡ. 1908ರಲ್ಲಿ ವಿಯೆನ್ನಾದಲ್ಲಿ ಹುಟ್ಟಿ, 1949ರಲ್ಲಿ ಇಟಲಿಯಲ್ಲಿ ಕಂಪನಿ ಕಟ್ಟಿದ ಕಾರ್ಲೋ ಅಬಾರ್ತ್‌ಗೆ ಅನ್ನ ಹಾಕಿದ್ದೂ ಸೈಲೆನ್ಸರೇ. ರೇಸು ಖರ್ಚು ಮಾಡಿಸುತ್ತಿತ್ತು, ಸೈಲೆನ್ಸರ್ ಸಂಪಾದಿಸಿ ಕೊಡುತ್ತಿತ್ತು. ಪುಟಾಣಿ ಫಿಯೆಟ್‌ಗಳನ್ನು ಚುರುಕಾಗಿಸುವ ಬಿಡಿಭಾಗಗಳನ್ನು ಆತ ಮರದ ಪೆಟ್ಟಿಗೆಯಲ್ಲಿ ತುಂಬಿ ಮಾರುತ್ತಿದ್ದ. ಆತನ ರಾಶಿ ವೃಶ್ಚಿಕ, ಅದಕ್ಕೇ ಈ ಚೇಳು. ಕಾರಿನ ಹಿಂತುದಿಯ ಮಫ್ಲರ್ ಮಾತ್ರ ಬದಲಿಸಿದರೆ ಸಿಗುವುದು ಹೆಚ್ಚುಕಡಿಮೆ ಬರೀ ಸದ್ದು. ಟರ್ಬೋಗೆ ಅಂಟಿದ ಡೌನ್‌ಪೈಪ್ ಅಗಲ ಮಾಡಿದರೆ ನಿಜಕ್ಕೂ ಲಾಭವಿದೆ. ಆದರೆ ಆ ನೆಪದಲ್ಲಿ ಕ್ಯಾಟಲಿಟಿಕ್ ಕನ್ವರ್ಟರ್ ಕಿತ್ತುಹಾಕಿದವರ ಕಾರಿನ ಹಿಂದೆ ನಿಂತು ನೋಡಿ, ಕಣ್ಣು ಉರಿಯುತ್ತದೆ.

ವಿಷ ಇರುವುದು ಲ್ಯಾಪ್‌ಟಾಪಿನಲ್ಲಿ

ಸ್ಟಿಯರಿಂಗ್ ಕೆಳಗಿನ ಓಬಿಡಿ ಪೋರ್ಟಿಗೆ ವೈರ್ ಚುಚ್ಚಿ ಹುಡುಗನೊಬ್ಬ ಕೂರುತ್ತಾನೆ. ಟರ್ಬೋ ಒತ್ತಡ, ಪೆಟ್ರೋಲಿನ ಪ್ರಮಾಣ, ಕಿಡಿಯ ಸಮಯ ಮೂರನ್ನೂ ತಿದ್ದಿ ಏಳುತ್ತಾನೆ. ಇದೇ ರೀಮ್ಯಾಪ್, ಸ್ಟೇಜ್ 1. ಟರ್ಬೋ ಇಲ್ಲದ ಕಾರಿಗೆ ಇದರಿಂದ ಬರುವುದು ನಾಲ್ಕಾಣೆ; ಟರ್ಬೋ ಕಾರಿಗೆ ವ್ಯತ್ಯಾಸ ಬೆನ್ನಿಗೆ ತಟ್ಟುತ್ತದೆ. ಆದರೆ ನಮ್ಮ ಬಂಕಿನಲ್ಲಿ ಬಹುಕಾಲ ಸಿಕ್ಕಿದ್ದು 91 ಆಕ್ಟೇನಿನ ಪೆಟ್ರೋಲು. ಯುರೋಪಿನ 98ಕ್ಕೆ ಬರೆದ ಫೈಲನ್ನು ಇಲ್ಲಿ ಸುರಿದರೆ ಸಿಲಿಂಡರಿನೊಳಗೆ ಕಟಕಟ ಎಂದು ಬಡಿದುಕೊಳ್ಳುತ್ತದೆ. ಆ ಬಡಿತ ಪಿಸ್ಟನ್ನಿನದು, ಬಿಲ್ ತಮ್ಮದು. ಶಕ್ತಿ ಅಳೆಯುವ ಡೈನೋ ಯಂತ್ರದ ಗ್ರಾಫ್ ಕೇಳದೆ ಹಣ ಕೊಡಬೇಡಿ. ಅದೂ ಒಂದೇ ಯಂತ್ರದ ಮೇಲೆ, ಒಂದೇ ದಿನ, ಮೊದಲು ಮತ್ತು ಆಮೇಲೆ. ಎಂಜಿನ್ ಹುಟ್ಟಿಸಿದ ಶಕ್ತಿಯಲ್ಲಿ ಸುಮಾರು ಶೇ 15ರಷ್ಟು ಚಕ್ರ ತಲುಪುವ ದಾರಿಯಲ್ಲೇ ಖರ್ಚಾಗುತ್ತದೆ. ‘ಮೊದಲು’ ಚಕ್ರದಲ್ಲಿ ಅಳೆದು, ‘ಆಮೇಲೆ’ ಎಂಜಿನ್ನಿನ ಲೆಕ್ಕ ಹೇಳುವ ಜಾಣರಿದ್ದಾರೆ.

ಈಗ ಕ್ಲಚ್

ನಾಲ್ಕನೇ ಗೇರು, 2,000 ಆರ್‌ಪಿಎಂ, ಆಕ್ಸಿಲರೇಟರ್ ಪೂರ್ತಿ ಒತ್ತಿ. ಟಾಕೋಮೀಟರಿನ ಮುಳ್ಳು ಚಂಗನೆ ಮೇಲೇರುತ್ತದೆ, ಸ್ಪೀಡೋಮೀಟರಿನ ಮುಳ್ಳು ಇದ್ದಲ್ಲೇ ಇರುತ್ತದೆ. ಅಷ್ಟರಲ್ಲಿ ಹೆಂಚಿನ ಮೇಲೆ ಮರೆತ ರೊಟ್ಟಿಯಂಥ ಸೀದ ವಾಸನೆ ಒಳಗೆ ಬರುತ್ತದೆ. 212 ನ್ಯೂಟನ್ ಮೀಟರ್ ಟಾರ್ಕ್ ತಡೆಯಲೆಂದು ಮಾಡಿದ ಕ್ಲಚ್ಚಿಗೆ ಲ್ಯಾಪ್‌ಟಾಪ್ ಹುಡುಗ ಹೇಳದೆಯೇ ಹೊರೆ ಏರಿಸಿದ್ದಾನೆ. ಪ್ಲೇಟು ಜಾರುತ್ತಿದೆ.

ಕ್ಲಚ್ ಬದಲಿಸಲು ಗೇರ್ ಬಾಕ್ಸ್ ಇಳಿಸಬೇಕು. ಇಳಿಸಿದ ಕ್ಷಣವೇ ಮೆಕ್ಯಾನಿಕ್ ಕೈ ಒರೆಸಿಕೊಳ್ಳುತ್ತ ಹೇಳುತ್ತಾನೆ: “ಸಾರ್, ಹೆಂಗಿದ್ರೂ ಬಾಕ್ಸ್ ಇಳ್ಸಿದೀವಲ್ಲ, ಫ್ಲೈವೀಲೂ ಹಾಕ್ಬಿಡಣ.” ತಕ್ಷಣ ಜೇಬು ಮುಟ್ಟಿ ನೋಡಿಕೊಳ್ಳಿ. ಆದರೂ ಆತ ಅರ್ಧ ನಿಜ ಹೇಳುತ್ತಿದ್ದಾನೆ: ರಿಲೀಸ್ ಬೇರಿಂಗ್ ಈಗಲೇ ಹಾಕಿಸದಿದ್ದರೆ ಮುಂದೆ ಅದೊಂದಕ್ಕಾಗಿ ಮತ್ತೆ ಪೂರ್ತಿ ಕೂಲಿ ತೆರಬೇಕು. ಹಗುರ ಫ್ಲೈವೀಲ್ ವಿಷಯ ಬೇರೆ. ಆಕ್ಸಿಲರೇಟರ್ ತಾಗಿಸಿದರೆ ಎಂಜಿನ್ ಜಿಗಿಯುತ್ತದೆ ನಿಜ, ಕಾಲು ತೆಗೆದರೆ ಅಷ್ಟೇ ಬೇಗ ಕುಸಿಯುತ್ತದೆ ಕೂಡ. ಫ್ಲೈಓವರಿನ ಏರಿನಲ್ಲಿ ನಿಂತು ಹೊರಡುವಾಗ ಮೂರು ಸಲ ಆಫಾಗಿ, ಹಿಂದಿನ ಬಿಎಂಟಿಸಿ ಚಾಲಕರಿಂದ ಬೈಸಿಕೊಳ್ಳಲು ತಯಾರಿರಿ.

ಗಟ್ಟಿ ಪ್ರೆಶರ್ ಪ್ಲೇಟಿನ ಜೊತೆ ಸೆರಾಮಿಕ್ ಬಿಲ್ಲೆಯ ಕ್ಲಚ್ಚನ್ನೂ ಹಾಕಿಸಿದರೆ ‘ಹಾಫ್ ಕ್ಲಚ್’ ಎಂಬುದು ಮರೆತುಹೋದ ವಿದ್ಯೆ. ಹಿಡಿದರೆ ಹಿಡಿಯಿತು, ಬಿಟ್ಟರೆ ಬಿಟ್ಟಿತು. ಮಾರತಹಳ್ಳಿ ರಸ್ತೆಯಲ್ಲಿ ಸಂಜೆ ಹೀಗೆ ಒಂದು ತಾಸು ಕಳೆದರೆ ಎಡಗಾಲಿನ ಮೀನಖಂಡ ಮಾತ್ರ ಪೈಲ್ವಾನನದಾಗುತ್ತದೆ.

ಶಾರ್ಟ್ ಶಿಫ್ಟರ್ ಅಗ್ಗ, ಚಂದ, ಕೈಗೆ ಖುಷಿ. ಗೇರ್ ಲಿವರ್ ಓಡಾಡುವ ದೂರ ತಗ್ಗುತ್ತದೆ, ತಳ್ಳಬೇಕಾದ ಬಲ ಹೆಚ್ಚುತ್ತದೆ. ಬಾಕ್ಸಿನೊಳಗೆ ಗೇರುಗಳ ವೇಗ ಹೊಂದಿಸುವ ಸಿಂಕ್ರೋನೈಸರ್ ರಿಂಗುಗಳು ಮಾತ್ರ ಮೊದಲಿನಷ್ಟೇ ಸಾವಧಾನಿಗಳು. ಅವಸರಿಸಿ ತಳ್ಳಿದರೆ ಎರಡನೇ ಗೇರು ಗರ್ರೆನ್ನುತ್ತದೆ. ಆ ರಿಂಗು ಹುಡುಕಿಕೊಂಡು ತಾವು ಜೆ.ಸಿ. ರೋಡಿನ ಅಂಗಡಿ ಅಂಗಡಿ ಸುತ್ತುವಾಗ ಒಂದೇ ಉತ್ತರ ಸಿಗುತ್ತದೆ: “ಫಿಯೆಟ್ಟಾ? ಆರ್ಡರ್ ಹಾಕ್ಬೇಕು.”

ತಗ್ಗಿಸುವುದು

ಕಾರಿನ ಹೊಟ್ಟೆ ನೆಲದಿಂದ 155 ಮಿ.ಮೀ. ಎತ್ತರದಲ್ಲಿದೆ. ಗಿಡ್ಡ ಸ್ಪ್ರಿಂಗಿನಿಂದ 40 ಇಳಿಸಿದಿರಿ ಎನ್ನಿ, ಉಳಿದದ್ದು 115. ಇಂಡಿಯನ್ ರೋಡ್ಸ್ ಕಾಂಗ್ರೆಸ್ ಪ್ರಕಾರ ಹಂಪಿನ ಎತ್ತರ 100 ಮಿ.ಮೀ. ಲೆಕ್ಕ ಸರಿಹೋಯಿತು, ಹಿಂದೆ ಬೀಗರು ಕೂರದಿದ್ದರೆ. ತಮ್ಮ ಬಡಾವಣೆಯ ಹಂಪ್ ಹಾಕಿಸಿದವರು ಆ ದಾಖಲೆ ಓದಿದ್ದರೆ ಎಂಬುದು ಇನ್ನೊಂದು ಷರತ್ತು.

ಕಾನೂನು

ತಯಾರಕರು ನಮೂದಿಸಿದ ಮೂಲ ವಿವರಗಳಿಗೆ ಹೊಂದದಂತೆ ವಾಹನ ಬದಲಿಸಕೂಡದು ಎನ್ನುತ್ತದೆ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್. 2019ರ ತಿದ್ದುಪಡಿಯಲ್ಲಿ ಬಂದ 182ಎ ಪ್ರಕಾರ ಆರು ತಿಂಗಳವರೆಗೆ ಜೈಲು, ಇಲ್ಲವೇ ಒಂದೊಂದು ಬದಲಾವಣೆಗೂ 5,000 ರೂಪಾಯಿ ದಂಡ, ಇಲ್ಲವೇ ಎರಡೂ. ಇಲ್ಲಿಯವರೆಗೆ ಎಷ್ಟು ಬದಲಾಯಿಸಿದಿರಿ ಎಂದು ಬೆರಳು ಮಡಚಿ ಎಣಿಸಿಕೊಳ್ಳಿ. ಹೇಳದೆ ಬದಲಿಸಿದ ಕಾರಿನ ಕ್ಲೇಮನ್ನು ಇನ್ಶೂರೆನ್ಸ್‌ನವರು ಯಾವ ಉತ್ಸಾಹದಿಂದ ತಿರಸ್ಕರಿಸುತ್ತಾರೆ ಎಂಬುದನ್ನು ವಿವರಿಸಬೇಕಿಲ್ಲ.

ನಾನಾದರೆ

195/55 ಆರ್16 ಅಳತೆಯಲ್ಲೇ ಒಳ್ಳೆಯ ಟೈರು ಹಾಕಿಸುತ್ತೇನೆ, ಬ್ರೇಕ್ ಪ್ಯಾಡ್ ಬದಲಿಸುತ್ತೇನೆ. ನೀರು ಹೀರಿಕೊಂಡ ಡಾಟ್ 4 ಬ್ರೇಕ್ ಆಯಿಲ್ 155 ಡಿಗ್ರಿಗೇ ಕುದಿಯಬಲ್ಲದು, ಹೊಸದು 230 ಡಿಗ್ರಿಯವರೆಗೆ ತಡೆಯುತ್ತದೆ, ಅದನ್ನೂ ಬದಲಿಸುತ್ತೇನೆ. ಆಮೇಲೆ ಚೆನ್ನೈ ಹತ್ತಿರದ ಇರುಂಗಾಟ್ಟುಕೋಟೈಗೆ ಹೋಗಿ, 3.7 ಕಿ.ಮೀ.ಯ ರೇಸ್ ಟ್ರ್ಯಾಕಿನಲ್ಲಿ ಆಸೆ ತೀರಿಸಿಕೊಳ್ಳುತ್ತೇನೆ. ಎಂಜಿನ್ನಿಗೆ ಕೈ ಹಾಕುವುದಿಲ್ಲ.

ಅಷ್ಟೂ ಸಾಲದವರಿಗೆ ಸ್ವತಃ ಕಾರ್ಲೋ ಅಬಾರ್ತ್ ಬಳಸಿದ ಒಂದು ಅಪ್‌ಗ್ರೇಡ್ ಇದೆ. 1965ರಲ್ಲಿ ಮೊಂಜಾ ಟ್ರ್ಯಾಕಿನಲ್ಲಿ ದಾಖಲೆ ಮುರಿಯಲು ಹೊರಟಾಗ, ಕಿರಿದಾದ ಆ ಕಾರಿನೊಳಗೆ ತೂರಿಕೊಳ್ಳಲು ಆತ ಸೇಬು ತಿಂದುಕೊಂಡೇ 30 ಕಿಲೋ ಇಳಿಸಿದ ಎನ್ನುತ್ತಾರೆ. ಸುಮಾರು 1,200 ಕಿಲೋದ ತಮ್ಮ ಕಾರಿನ ಲೆಕ್ಕದಲ್ಲಿ ಇದು ಮೂರು, ಮೂರೂವರೆ ಹಾರ್ಸ್‌ಪವರಿಗೆ ಸಮ. 52ನೇ ಸೆಕ್ಷನ್ ಇದಕ್ಕೆ ಅನ್ವಯಿಸುವುದಿಲ್ಲ. ಬೇಕಾದ ಸಾಮಾನು ಯಾವ ಹಾಪ್‌ಕಾಮ್ಸ್ ಮಳಿಗೆಯಲ್ಲಾದರೂ ಸಿಗುತ್ತದೆ.