ಮೂರೇ ಕಾಲಿನ ಮೊಲ

ನಮ್ಮ ಮನೆಯಲ್ಲಿ ಸದ್ಯಕ್ಕೆ ಮೂರು ಕಾಲಿನ ವಸ್ತುಗಳು ನಾಲ್ಕಿವೆ. ಮೂರು, ನಾನು ಒಂದರ ನಂತರ ಒಂದು ತಂದ ಟ್ರೈಪಾಡುಗಳು. ನಾಲ್ಕನೆಯದು ಹಿಂದಿನ ಜಗಲಿಯಲ್ಲಿರುವ ಕಾಲು ಮುರಿದ ಪ್ಲಾಸ್ಟಿಕ್ ಕುರ್ಚಿ. ಗೋಡೆಗೆ ಒರಗಿಸಿಟ್ಟರೆ ನಾಲ್ಕರಲ್ಲಿ ಅಲುಗಾಡದೆ ನಿಲ್ಲುವುದು ಅದೊಂದೇ.

ಟ್ರೈಪಾಡಿಗೆ ಕನ್ನಡದಲ್ಲಿ ಮುಕ್ಕಾಲಿ ಎಂಬ ಚಂದದ ಹೆಸರುಂಟು. ಆದರೆ ಮನೆಯಲ್ಲಿ ಹೇಳುವಾಗ ಜಾಗ್ರತೆ ಬೇಕು. ನಾನು ‘ಮುಕ್ಕಾಲಿ ತಂದೆ’ ಎಂದದ್ದು ಅಮ್ಮನಿಗೆ ‘ಮುಕ್ಕಾಲು’ ಎಂದು ಕೇಳಿಸಿ, “ಅಷ್ಟು ದುಡ್ಡು ತಕೊಂಡು ಮುಕ್ಕಾಲಾ? ಉಳಿದ ಕಾಲು ಯಾವಾಗ ಕೊಡ್ತಾರಂತೆ?” ಎಂದು ವಿಚಾರಿಸಿದ್ದಳು.

ಕಾಲು ಮೂರೇ ಯಾಕೆ ಎಂಬುದು ಒಲೆ ಹೂಡಿದವರಿಗೆಲ್ಲ ಗೊತ್ತು. ಮೂರು ಕಲ್ಲು ಎಲ್ಲಿ ಇಟ್ಟರೂ ಪಾತ್ರೆ ಕೂರುತ್ತದೆ; ನಾಲ್ಕನೆಯ ಕಲ್ಲು ಇಟ್ಟಿರೋ, ಅನ್ನ ಬೇಯುವ ತನಕ ಕುಟುಕುಟು. ಕ್ಯಾಮೆರಾಕ್ಕೆ ಅಂಥ ಒಲೆ ಯಾಕೆ ಬೇಕು ಅಂದರೆ, ನಮ್ಮ ಕಡೆ ಬೆಳಕಿಗೆ ಬರಗಾಲ. ಪುತ್ತೂರಿನಿಂದ ಹೊರಟು ಸುಳ್ಯದ ಕಡೆಗೆ ಹೋಗಿ, ಕಡಬದ ಕಡೆಗೆ ಹೋಗಿ, ಒಂದೋ ಅಡಿಕೆ ತೋಟ, ಒಂದೋ ರಬ್ಬರ್, ಅದೂ ಇಲ್ಲದಿದ್ದರೆ ಕಾಡು. ನಡು ಮಧ್ಯಾಹ್ನ ತೊರೆಯ ಬದಿಯಲ್ಲಿ ನಿಂತರೂ ಅರ್ಧ ಸೆಕೆಂಡು ಶಟರ್ ತೆರೆದಿಡದೆ ಚಿತ್ರ ಮೂಡುವುದಿಲ್ಲ. ಅರ್ಧ ಸೆಕೆಂಡು ಕೈ ಅಲುಗದೆ ಇರುವ ವಯಸ್ಸು ನನ್ನದಲ್ಲ. ಬೆಳಗ್ಗೆ ಎರಡು ಲೋಟ ಕಾಫಿ ಕುಡಿಯುವವನದಂತೂ ಅಲ್ಲವೇ ಅಲ್ಲ.

ಮೊದಲನೆಯ ಟ್ರೈಪಾಡು ಕ್ಯಾಮೆರಾದ ಜೊತೆಗೆ ಪುಕ್ಕಟೆಯಾಗಿ ಬಂತು. ಬೆಳ್ಳಿ ಬಣ್ಣ, ಕೈಗೆ ಎತ್ತಿದರೆ ಕೊಡೆಗಿಂತ ಹಗುರ, ನೆತ್ತಿಯಲ್ಲಿ ಮಟ್ಟ ನೋಡಲು ಒಂದು ನೀರುಗುಳ್ಳೆ. ಅದನ್ನು ಹಿಡಿದುಕೊಂಡು ಎಪ್ರಿಲ್ 17ರ ರಾತ್ರಿ ಮಹಾಲಿಂಗೇಶ್ವರ ದೇವರ ಗದ್ದೆಗೆ ‘ಪುತ್ತೂರು ಬೆಡಿ’ ತೆಗೆಯಲು ಹೋದೆ. ಜಾತ್ರೆಯ ರಥೋತ್ಸವದ ದಿನ ಆಕಾಶಕ್ಕೆ ಬಿಡುವ ಆ ಬೆಡಿಯನ್ನು ನೋಡದವರು ಪುತ್ತೂರಿನಲ್ಲಿಲ್ಲ. ನಾನು ಗುಳ್ಳೆಯನ್ನು ನಡುವಿಗೆ ತಂದು, ಕ್ಯಾಮೆರಾವನ್ನು ಆಕಾಶಕ್ಕೆ ತಿರುಗಿಸಿ, ತಿರುಪು ಬಿಗಿದು ನಿಂತೆ. ಒಂದೊಂದು ಬೆಡಿ ಸಿಡಿದಾಗಲೂ ಕ್ಯಾಮೆರಾ ಒಂದೊಂದು ಅಂಗುಲ ಬಗ್ಗುತ್ತಾ, ಕೊನೆಯ ಸುತ್ತು ಬರುವಾಗ ದೇವರಿಗೆ ಪೂರ್ತಿ ತಲೆಬಾಗಿತ್ತು. ಬೆಡಿಯ ಬೆಳಕು ಬಿದ್ದ ಸುಮಾರು ಇಪ್ಪತ್ತು ಜನರ ಹಿಂದಲೆಗಳ ಒಳ್ಳೆಯ ಚಿತ್ರಗಳು ನನ್ನಲ್ಲಿವೆ. ಗುಳ್ಳೆ ಮಾತ್ರ ಕೊನೆಯವರೆಗೂ ನಡುವಿನಲ್ಲೇ ಇತ್ತು.

ಅದರ ಸಿಟ್ಟಿಗೆ ಎರಡನೆಯದನ್ನು ತಂದೆ. ಮುಚ್ಚುತ್ತಿದ್ದ ಒಂದು ಸ್ಟುಡಿಯೋದವರು ಮದುವೆ ವೀಡಿಯೋಕ್ಕೆ ಇಟ್ಟುಕೊಂಡಿದ್ದ ಸ್ಟ್ಯಾಂಡ್. ನಾಲ್ಕು ಕಿಲೊ. ಭೂಕಂಪ ಆದರೂ ಅಲುಗದು. ಸುಳ್ಯದ ಪೂಮಲೆ ಕಾಡಿನ ಕಡೆಗೆ ಒಮ್ಮೆ ಹೆಗಲ ಮೇಲೆ ಹೊತ್ತುಕೊಂಡು ಹೊರಟೆ. ಅರ್ಧ ದಾರಿಯಲ್ಲಿ ಅದನ್ನು ನಿಲ್ಲಿಸಿ, ಅದಕ್ಕೆ ಆತು ನಿಂತು, ಉಸಿರು ಬಿಟ್ಟು, ಮನೆಗೆ ಮರಳಿದೆ. ಈಗ ಅದರ ಮೂರು ಕಾಲಿನಲ್ಲೂ ಬೈರಾಸು ಒಣಗುತ್ತವೆ.

ಹೀಗೆ, ಹಗುರವಾದರೆ ಬಗ್ಗುತ್ತದೆ, ಗಟ್ಟಿಯಾದರೆ ಬೆನ್ನು ಬಗ್ಗಿಸುತ್ತದೆ ಎಂದು ತಿಳಿದ ಮೇಲೆ ಮೂರನೆಯದರ ಶೋಧ ಶುರುವಾಯಿತು. ಮೂರು ತಿಂಗಳು ಹಿಡಿಯಿತು. ಬ್ಯಾಂಕಿನಲ್ಲಿ ಕೃಷಿ ಸಾಲದ ಕಡತ ನೋಡುವ ಕಣ್ಣುಗಳಿಂದಲೇ ರಾತ್ರಿ ಟ್ರೈಪಾಡುಗಳ ತೂಕ, ಎತ್ತರ, ಮಡಿಚಿದಾಗಿನ ಉದ್ದ, ಕಾಲಿನ ದಪ್ಪ ಎಲ್ಲವನ್ನೂ ಲ್ಯಾಪ್‌ಟಾಪಿನಲ್ಲಿ ಪಟ್ಟಿ ಮಾಡಿದೆ. ಫ್ರಾನ್ಸಿನ ಗಿಟ್ಜೊ ಎಂಬ ಕಂಪೆನಿ 1994ರಲ್ಲಿ ಮೊದಲು ಕಾರ್ಬನ್ ಫೈಬರಿನ ಟ್ರೈಪಾಡು ಮಾಡಿತು, ಅಲ್ಲಿಂದ ಹೆಗಲಿನ ಚರಿತ್ರೆಯೇ ಬದಲಾಯಿತು ಎಂಬುದನ್ನೆಲ್ಲ ಓದಿದೆ. 2019ರಲ್ಲಿ ಅಮೆರಿಕದ ಪೀಕ್ ಡಿಸೈನ್‌ನವರು ಮಡಿಚಿದರೆ 39 ಸೆಂ.ಮೀ. ಆಗುವ, ನೀರಿನ ಬಾಟಲಿಯಷ್ಟೇ ದಪ್ಪದ ಒಂದನ್ನು ತಂದಿದ್ದರು. ಅಲ್ಯೂಮಿನಿಯಮ್ಮಿನದು 1.56 ಕಿಲೊ, ಸುಮಾರು 350 ಡಾಲರ್. ಕಾರ್ಬನ್ನಿನದು 1.27 ಕಿಲೊ, 600 ಡಾಲರ್. ಅಂದರೆ 290 ಗ್ರಾಂ ಕಡಿಮೆ ಮಾಡಿದ್ದಕ್ಕೆ 250 ಡಾಲರ್ ಹೆಚ್ಚು. ಆಗಿನ ಲೆಕ್ಕದಲ್ಲಿ ಗ್ರಾಂಗೆ ಅರವತ್ತು ರೂಪಾಯಿ. ಇರುವ ಅಡಿಕೆಗೆ ಕಿಲೊಗೆ ನಾನೂರು ಸಿಕ್ಕಿದರೆ ಹಬ್ಬ ಮಾಡುತ್ತಿದ್ದ ಊರಿನಲ್ಲಿ, ಇಲ್ಲದ ತೂಕಕ್ಕೆ ಗ್ರಾಂಗೆ ಅರವತ್ತು! ವ್ಯಾಪಾರ ಅಂದರೆ ಹಾಗೆ ಮಾಡಬೇಕು.

ಈ ವಿಸ್ಮಯವನ್ನು ಒಂದು ಭಾನುವಾರ ಬೆಳ್ಳಾರೆಯಾಚೆ ಅಕ್ಕನ ಮನೆಗೆ ಹೋದಾಗ ಭಾವನ ಮುಂದೆ ಬಿಚ್ಚಿದೆ. “ಭಾವ, ಕಾರ್ಬನ್ ಫೈಬರ್ ಅಂತ ಒಂದು ಬಂದಿದೆ...” ಎಂದು, ಹಳ್ಳಿಯವರಿಗೆ ರಾಕೆಟ್ ವಿವರಿಸುವ ಧಾಟಿಯಲ್ಲಿ ಶುರು ಮಾಡಿದೆ. ಭಾವ ಕವಳ ಹಾಕಿಕೊಂಡಿದ್ದರು, ಮಾತಾಡಲಿಲ್ಲ. ಎದ್ದು ಹೋಗಿ ಕೊಟ್ಟಿಗೆಯ ಅಟ್ಟದಿಂದ ದೋಟಿ ಇಳಿಸಿಕೊಂಡು ಬಂದರು.

ಮರ ಹತ್ತುವವರು ಸಿಗದ ಮೇಲೆ ನಮ್ಮ ಕಡೆಯ ತೋಟಗಳಿಗೆ ಬಂದ ದೋಟಿ ಅದು. ಹಿಂದೆ ಬಿದಿರಿನದಿತ್ತು, ಈಗಿನದು ಅಪ್ಪಟ ಕಾರ್ಬನ್ ಫೈಬರು. ಒಂದರೊಳಗೊಂದು ಹೊಕ್ಕ ಕೊಳವೆಗಳನ್ನು ಎಳೆದು ಕ್ಲಾಂಪ್ ಬಿಗಿಯುತ್ತಾ ಹೋದರೆ 60 ಅಡಿ ಮೇಲಕ್ಕೆ ಹೋಗುತ್ತದೆ. ತುದಿಗೆ ಕತ್ತಿ ಕಟ್ಟಿದರೆ ಕೊಯ್ಲು, ಪೈಪು ಕಟ್ಟಿದರೆ ಕೊಳೆರೋಗಕ್ಕೆ ಬೋರ್ಡೊ ದ್ರಾವಣ. ಕ್ಯಾಂಪ್ಕೊದ ದೋಟಿ ತರಬೇತಿಗೆ ಭಾವ ಹೋಗಿ ಬಂದಿದ್ದರು. ಅವರ ಹತ್ತಿರ ಹತ್ತು ಟ್ರೈಪಾಡಿಗಾಗುವಷ್ಟು ಕಾರ್ಬನ್ ಇತ್ತು, ನನ್ನ ಹತ್ತಿರ ಪಟ್ಟಿ ಇತ್ತು.

ಪಟ್ಟಿಯ ಮೇಲೆ ಕಣ್ಣಾಡಿಸಿ ಭಾವ ಕವಳ ಉಗುಳಿ ಬಂದರು. “ಇದೆಂತ, ಕಾಲಿಗೆ ಐದು ತುಂಡು?”

“ತುಂಡು ಹೆಚ್ಚಾದಷ್ಟು ಮಡಿಚಿದಾಗ ಗಿಡ್ಡ ಆಗ್ತದೆ ಭಾವ, ಚೀಲದೊಳಗೆ ಕೂತ್ಕೊಳ್ತದೆ.”

“ಕೊನೆಯ ತುಂಡು ಪೆನ್ಸಿಲಿನ ಹಾಗೆ ಆಗ್ತದೆ ಮಾರಾಯ. ದೋಟಿಯ ತುದಿ ತೂಗಾಡುವುದನ್ನು ನೀನು ನೋಡಿದ್ದಿಯಲ್ಲ? ಅದಾದ್ರೂ ಮೇಲೆ ಉಂಟು. ನಿಂದು ನೆಲಕ್ಕೆ ಊರುವ ಕಡೆಯೇ ಸಪೂರ.”

ಕೊಳವೆಯ ದಪ್ಪ 22 ಮಿ.ಮೀ.ನಿಂದ 28ಕ್ಕೆ ಏರಿದರೆ ಅದರ ಬಿಗಿ ಹತ್ತಿರಹತ್ತಿರ ಎರಡು ಪಟ್ಟಾಗುತ್ತದೆ ಎಂದು ನಾನು ಎರಡು ರಾತ್ರಿ ಕೂತು ಲೆಕ್ಕ ಹಾಕಿ ತಿಳಿದದ್ದು. ಭಾವನಿಗೆ ಅದು ಅಂಗೈಯಲ್ಲಿತ್ತು. ಎಂಟು ಕಿಲೊ ಹೊರುತ್ತದೆ ಎಂದು ಬರೆದಿದ್ದಾರೆ ಎಂದರೆ, “ಹೊರುವುದು ಬೇರೆ, ಅಲುಗದೆ ನಿಲ್ಲುವುದು ಬೇರೆ. ಅಡಿಕೆ ಮರ ನಾಲ್ಕು ಗೊನೆ ಹೊರುತ್ತದೆ. ಗಾಳಿ ಬಂದಾಗ ನಿಲ್ತದಾ?” ಎಂದರು. ನಡುವಿನ ಕೋಲನ್ನು ಮೇಲೆತ್ತಿ ಎತ್ತರ ಮಾಡಬಹುದು ಎಂದು ಚಿತ್ರ ತೋರಿಸಿದೆ. “ಮೂರು ಕಾಲು ಮಾಡಿ, ಅದರ ಮೇಲೆ ಪುನಃ ಒಂದು ಅಡಿಕೆ ಮರ ನೆಟ್ಟ ಹಾಗಾಯ್ತು!” ನಾನು ಪಟ್ಟಿಯಲ್ಲಿ ‘ಗರಿಷ್ಠ ಎತ್ತರ’ ಎಂಬ ಕಾಲಮ್ಮನ್ನೇ ಅಳಿಸಿದೆ. ಹೊರಡುವಾಗ ಭಾವ ಇನ್ನೊಂದು ಮಾತು ಹೇಳಿದರು. “ಎಲ್ಲ ಸರಿ, ಆದ್ರೆ ಇದರಲ್ಲಿ ಕರೆಂಟು ಹರಿತದೆ, ಗೊತ್ತುಂಟಲ್ಲ? ತೋಟದ ಮೇಲೆ ಲೈನ್ ಹೋಗಿದ್ರೆ ದೋಟಿ ಎತ್ತುವ ಹಾಗೇ ಇಲ್ಲ. ಜೀವ ಹೋಗ್ತದೆ.” ನಾನು ತಲೆಯಾಡಿಸಿದೆ. ಟ್ರೈಪಾಡು ಐದಡಿ, ಲೈನು ಇಪ್ಪತ್ತಡಿ, ನನಗೇನು?

ಕೊನೆಗೆ ಕೊಂಡದ್ದು ಆ ಅಮೆರಿಕದ್ದನ್ನಲ್ಲ, ಅದರ ದೂರದ ನೆಂಟ ಎನ್ನಬಹುದಾದ ಒಂದನ್ನು. ಕಾಲಿಗೆ ನಾಲ್ಕೇ ತುಂಡು, ತಿರುಪಿ ಬಿಗಿಯುವ ಬೀಗ, 1.3 ಕಿಲೊ. ಪಾರ್ಸೆಲ್ ಬಂದ ದಿನ ಭಾವ ಕಾಲುಗಳನ್ನೆಲ್ಲ ಪೂರ್ತಿ ಎಳೆದು ನಿಲ್ಲಿಸಿದರು. ನಾನು ಮೇಲಿನಿಂದ ಒತ್ತಿ, “ನೋಡಿ, ಎಷ್ಟು ಗಟ್ಟಿ” ಎಂದೆ. ಅವರು ನೆತ್ತಿಯನ್ನು ಐದು ಬೆರಳಲ್ಲಿ ಹಿಡಿದು, ಡಬ್ಬಿಯ ಮುಚ್ಚಳ ತೆರೆಯುವ ಹಾಗೆ ಎಡಕ್ಕೊಮ್ಮೆ ಬಲಕ್ಕೊಮ್ಮೆ ತಿರುಪಿದರು. ಕಾಲುಗಳು ಒಂದಿಷ್ಟು ಕುಣಿದವು. “ಒತ್ತಿ ನೋಡುವುದಲ್ಲ, ತಿರುಪಿ ನೋಡ್ಬೇಕು. ಕೊನೆಯ ತುಂಡು ಎಳೀಬೇಡ, ಬಗ್ಗಿ ಚಿತ್ರ ತೆಗಿ.” ಕೊನೆಯ ತುಂಡು ಒಳಗೆ ಸೇರಿಸಿದ ಮೇಲೆ ಕುಣಿತ ನಿಂತಿತು. ನನ್ನ ಮೂರು ತಿಂಗಳ ಓದಿನಲ್ಲಿ ಇದು ಎಲ್ಲೂ ಬಂದಿರಲಿಲ್ಲವೆಂದಲ್ಲ. ಬಂದಾಗ ನಾನು ಬಣ್ಣ ಯಾವುದಿರಲಿ ಎಂದು ಯೋಚಿಸುತ್ತಿದ್ದೆ.

ಮೊದಲ ಯಾತ್ರೆ ಭಾವನ ಜೊತೆ ಕುಮಾರಪರ್ವತಕ್ಕೆ. ನಾನು ಶಾಲೆಯಲ್ಲಿದ್ದಾಗ ಬೆಟ್ಟದ ಬುಡದ ಸುಬ್ರಹ್ಮಣ್ಯ ಸುಳ್ಯ ತಾಲೂಕಿನಲ್ಲಿತ್ತು, ಈಗ ಕಡಬದ್ದು. ಬೆಟ್ಟದ ಏರು ಮಾತ್ರ ಯಾವ ತಾಲೂಕಿಗೆ ಸೇರಿದರೂ ಕಡಿಮೆಯಾಗಿಲ್ಲ. ಹೊರಡುವ ಮುಂಚೆ ಅಡಿಕೆ ತೂಗುವ ತಕ್ಕಡಿಯಲ್ಲಿ ಚೀಲ ತೂಗಿಸಿ, ಒಂದು ಲೆನ್ಸ್ ಕಡಿಮೆ ಮಾಡಿ, ಹಲ್ಲುಜ್ಜುವ ಬ್ರಷ್ಷನ್ನೂ ಬಿಟ್ಟು, ಏಳು ಕಿಲೊಗೆ ಇಳಿಸಿದ್ದೆ. ಬೆಳಗ್ಗೆ ನಾಲ್ಕಕ್ಕೆ ಎದ್ದು ನೋಡಿದರೆ ಚೀಲಕ್ಕೆ ಹೊಟ್ಟೆ ಬಂದಿತ್ತು. ಅಮ್ಮ ಸ್ಟೀಲಿನ ಬುತ್ತಿಯಲ್ಲಿ ಅವಲಕ್ಕಿ, ಒಂದು ಚಿಪ್ಪು ಕದಳಿ ಬಾಳೆಹಣ್ಣು, ಮಿಡಿ ಉಪ್ಪಿನಕಾಯಿಯ ಗಾಜಿನ ಬಾಟಲಿ ತುಂಬಿಸಿದ್ದಳು. “ಚೀಲ ಹಗುರ ಇತ್ತು, ಅದಕ್ಕೆ ಹಾಕಿದೆ.” ಗ್ರಾಂಗೆ ಅರವತ್ತರ ಲೆಕ್ಕ ಅವಳಿಗೆ ಹೇಳುವ ಧೈರ್ಯ ಬರಲಿಲ್ಲ.

ಸವಣೂರು, ಕಾಣಿಯೂರು ದಾಟುವ ಬಸ್ಸಿನಲ್ಲಿ ಪಕ್ಕದ ಅಜ್ಜ ಚೀಲದ ಬದಿಗೆ ಕಟ್ಟಿದ್ದನ್ನು ತುಂಬಾ ಹೊತ್ತು ನೋಡಿದರು. “ಕೋವಿಯಾ?” ಅಲ್ಲ ಎಂದೆ. “ಕೊಡೆಯಾ?” ಅದೂ ಅಲ್ಲ. ಕೋವಿಯೂ ಅಲ್ಲದ, ಕೊಡೆಯೂ ಅಲ್ಲದ ವಸ್ತುವನ್ನು ಒಬ್ಬ ಯಾಕೆ ಹೊತ್ತು ತಿರುಗುತ್ತಾನೆ ಎಂಬುದು ಅವರಿಗೆ ತಿಳಿಯಲಿಲ್ಲ. ಮುಖ ತಿರುಗಿಸಿ ಮಲಗಿದರು.

ಬೆಟ್ಟ ಹತ್ತಿದ ಕಥೆಯನ್ನು ಉದ್ದ ಮಾಡುವುದಿಲ್ಲ. 1712 ಮೀಟರಿನ ಶಿಖರ, ಬುಡದಿಂದ ಹದಿಮೂರು ಕಿಲೋಮೀಟರು ನಡಿಗೆ. ಭೀಮನಕಲ್ಲಿನವರೆಗೆ ಬೇರುಗಳು ಮೆಟ್ಟಿಲಿನ ಹಾಗೆ ಎದ್ದಿರುವ ಕಾಡು. ಗಿರಿಗದ್ದೆ ದಾಟಿದ ಮೇಲೆ ನೆರಳೇ ಇಲ್ಲದ ಹುಲ್ಲುಗಾವಲು, ಕಲ್ಲುಮಂಟಪ, ಶೇಷಪರ್ವತ. ಕಾರಂತರು 1943ರಲ್ಲಿ ಬರೆದ ‘ಬೆಟ್ಟದ ಜೀವ’ ಇದೇ ತಪ್ಪಲಿನದು. ಅವರು ಪೆನ್ನೊಂದರಲ್ಲೇ ತೆಗೆದ ಆ ಕಾಡು ಇವತ್ತಿಗೂ ಅಲುಗಿಲ್ಲ ಎಂದು ಭೀಮನಕಲ್ಲಿನ ಮೇಲೆ ಕೂತು ಹೊಟ್ಟೆಕಿಚ್ಚುಪಟ್ಟೆ.

ಶೇಷಪರ್ವತದ ಮೇಲೆ ನಿಂತಾಗ ಒಂದು ಸತ್ಯ ಹೊಳೆಯಿತು. ನಾನು ಟ್ರೈಪಾಡು ಕೊಂಡದ್ದು ನಕ್ಷತ್ರಗಳಿಗಾಗಿ, ಮುಂಜಾನೆಯ ಮಂಜಿಗಾಗಿ. ಮೇಲೆ ಟೆಂಟ್ ಹಾಕಿ ರಾತ್ರಿ ಕಳೆಯಲು ಅರಣ್ಯ ಇಲಾಖೆ ಬಿಡುವುದಿಲ್ಲ; ಬಿಡಬಾರದು ಕೂಡ, ಹಿಂದೆ ಅಲ್ಲಿ ಬಿದ್ದಿರುತ್ತಿದ್ದ ಕಸ ಕಂಡವರು ಹಾಗೇ ಹೇಳುತ್ತಾರೆ. ನಾವು ತಲಪಿದ್ದು ಸೂರ್ಯ ನೆತ್ತಿಗೆ ಬಂದಾಗ. ಸೆಕೆಂಡಿನ ಸಾವಿರದಲ್ಲೊಂದು ಪಾಲಿಗೆ ಶಟರ್ ತೆರೆದು ಮುಚ್ಚುವ ಬಿಸಿಲು. ಅಮ್ಮ ಕ್ಯಾಮೆರಾ ಹಿಡಿದರೂ ಚಿತ್ರ ಅಲುಗದು.

ಆದರೂ ಹೊತ್ತು ತಂದದ್ದಕ್ಕೆ ನಿಲ್ಲಿಸಬೇಡವೇ? ಭಾವನೂ ನಾನೂ ಒಟ್ಟಿಗೆ ಒಂದು ಫೋಟೋ ಎಂದು ಹತ್ತು ಸೆಕೆಂಡಿನ ಟೈಮರ್ ಇಟ್ಟೆ. ಗಾಳಿಗೆ ಭಾರ ಇರಲೆಂದು ಪುಸ್ತಕದಲ್ಲಿ ಬರೆದ ಹಾಗೆ ನಡುವಿನ ಕೊಕ್ಕೆಗೆ ಚೀಲ ತೂಗುಹಾಕಿದೆ. ಗಾಳಿ ಟ್ರೈಪಾಡನ್ನು ಬಿಟ್ಟು ಚೀಲವನ್ನು ಹಿಡಿಯಿತು. ಚೀಲ ತೊಟ್ಟಿಲಾಯಿತು, ಟ್ರೈಪಾಡು ಜೋಗುಳ ಹಾಡಿತು. ಭಾವ ಓಡಿಹೋಗಿ ಚೀಲದ ಪಟ್ಟಿಯನ್ನು ಉದ್ದ ಮಾಡಿ ಅದರ ತಳ ಕಲ್ಲಿಗೆ ತಾಗುವ ಹಾಗೆ ಬಿಟ್ಟರು, ಎಲ್ಲ ಗಪ್‌ಚಿಪ್. ಅಷ್ಟರಲ್ಲಿ ಹತ್ತು ಸೆಕೆಂಡು ಮುಗಿದಿತ್ತು. ಫೋಟೋದಲ್ಲಿ ನಾನು ಹಲ್ಲು ಕಿರಿದು ನಿಂತಿದ್ದೇನೆ. ಪಕ್ಕದಲ್ಲಿ ಭಾವ ನಿಲ್ಲಬೇಕಾದ ಜಾಗವಿದೆ. ಇಳಿಯುವಾಗ ಮೊಣಕಾಲು ನಡುಗತೊಡಗಿದ್ದರಿಂದ ಒಂದು ಕಾಲನ್ನು ಎಳೆದು ಊರುಗೋಲು ಮಾಡಿಕೊಂಡೆ. ಆ ದಿನ ಅದು ನಿಜವಾಗಿ ದುಡಿದದ್ದು ಅಷ್ಟೇ. ಮತ್ತೆ ಅಮ್ಮನ ಉಪ್ಪಿನಕಾಯಿ, ಅದೂ ಪೂರ್ತಿ ದುಡಿಯಿತು.

ಮೇ ತಿಂಗಳಲ್ಲಿ ಮೊದಲ ಎರಡು ಮಳೆ ಬಿದ್ದ ಮೇಲೆ ಭಾವ ಫೋನು ಮಾಡಿದರು. “ತೋಟದ ಕೆಳಗೆ ತೋಡಿನ ಬದಿ ಮಿಂಚುಹುಳ ತುಂಬಿದೆ. ನಿನ್ನ ಮೊಲವನ್ನು ತಕೊಂಡು ಬಾ.” ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎಂದು ಟ್ರೈಪಾಡಿಗೆ ಅವರಿಟ್ಟ ಹೆಸರು ಅದು.

ಹೋದೆ. ಇಂಥ ಕತ್ತಲಿಗಾಗಿಯೇ ಹುಟ್ಟಿದ ವಸ್ತು ಅದು. ಕಣಿಯ ಬದಿಯ ಕೆಸರಿನಲ್ಲಿ ಕಾಲು ಊರಿ, ಕೊನೆಯ ತುಂಡು ಎಳೆಯದೆ, ನಡುವಿನ ಕೋಲು ಎತ್ತದೆ, ಚೀಲ ನೆಲಕ್ಕೆ ತಾಗಿಸಿ, ಮೂವತ್ತು ಸೆಕೆಂಡಿಗೊಂದು ಚಿತ್ರ ತೆಗೆಯತೊಡಗಿದೆ. ಹುಳಗಳು ಅಡಿಕೆ ಮರಗಳ ನಡುವೆ ಹಸಿರು ಗೀರು ಎಳೆಯುತ್ತಿದ್ದವು. ಮೂರನೆಯ ಚಿತ್ರದ ಹೊತ್ತಿಗೆ ಕುಮಾರಪರ್ವತದ ದಿಕ್ಕಿನಲ್ಲಿ ಒಂದು ಮಿಂಚು, ಹಿಂದೆಯೇ ಗುಡುಗು. ಜಗಲಿಯಿಂದ ಭಾವನ ಕೂಗು ಗುಡುಗನ್ನೂ ಮೀರಿಸಿತು.

“ಕಾರ್ಬನ್ ಮಾರಾಯ ಅದು! ಬಿಟ್ಟು ಓಡಿ ಬಾ!”

ಕ್ಯಾಮೆರಾ ಬಿಚ್ಚಿಕೊಂಡು, ಅಂಗಿಯೊಳಗೆ ತುರುಕಿ ಓಡಿದೆ. ಎರಡು ಕಡೆ ಜಾರಿ ಬಿದ್ದೆ. ರಾತ್ರಿಯಿಡೀ ಹಂಚಿನ ಮೇಲೆ ಮಳೆ ಕುಟ್ಟಿತು. ಹದಿನೈದು ಸಾವಿರ ರೂಪಾಯಿ ತೋಟದಲ್ಲಿ ಒಬ್ಬಂಟಿ ನಿಂತಿದೆ ಎಂದು ನನಗೆ ನಿದ್ದೆ ಬರಲಿಲ್ಲ. ಭಾವನ ಗೊರಕೆ ಮಾತ್ರ ಕೇಳುತ್ತಿತ್ತು.

ಬೆಳಗ್ಗೆ ಉಂಬಳ ಕೊಡವುತ್ತಾ ಇಳಿದು ಹೋದೆವು. ಮಳೆಗೆ ಸೋಗೆಗಳು ಬಿದ್ದಿದ್ದವು, ಒಂದು ಮರ ಮುರಿದಿತ್ತು. ಟ್ರೈಪಾಡು ನಾನು ಬಿಟ್ಟುಹೋದ ಹಾಗೆಯೇ, ಒಂದು ಕೂದಲಿನಷ್ಟೂ ಅಲುಗದೆ ನಿಂತಿತ್ತು. ನೆತ್ತಿಯಲ್ಲಿ, ಕ್ಯಾಮೆರಾ ಕೂರುವ ಜಾಗದಲ್ಲಿ, ಒಂದು ಮರಗಪ್ಪೆ ನಾಲ್ಕು ಕಾಲನ್ನೂ ಮಡಚಿ, ಕಣ್ಣು ಅರೆಮುಚ್ಚಿ ಕೂತಿತ್ತು. ಒದ್ದೆ ಬೆನ್ನಿನ ಮೇಲೆ ಎಳೆ ಬೆಳಕು. ಹಿಂದೆ ಹಸಿರು ಮಸುಕು. ಇಂಥದೊಂದು ಚಿತ್ರಕ್ಕಾಗಿ ಜನ ಸಾವಿರಾರು ಮೈಲು ಹೋಗುತ್ತಾರೆ.

ಕ್ಯಾಮೆರಾ ತಂದೆ. ಇಡಲು ಜಾಗ ಇರಲಿಲ್ಲ. ಕೈಯಲ್ಲೇ ಹಿಡಿದು ತೆಗೆದೆ.

ಸ್ವಲ್ಪ ಅಲುಗಿದೆ.